ತಲೆಗೊಂದು ಸೊಪ್ಪು

ಚಿಕ್ಕಬಸಮ್ಮನ ಮಾತು ಬಂದಾಗಲೆಲ್ಲ ಕೋಡಿದೊಡ್ಡಿಯ ನೆರೆಹೊರೆಯವರು ಹೇಳುತ್ತಿದ್ದದ್ದು ಒಂದೇ: "ಗಂಡ ಸತ್ತು ಇಪ್ಪತ್ತೆರಡು ವರ್ಸ ಆಯ್ತು, ಅವ್ಳ ಜಗಳ ಇನ್ನೂ ಮುಗುದಿಲ್ಲ." ಎದುರು ಮನೆಯ ಪುಟ್ಟಮಾದಮ್ಮ ಅದಕ್ಕೆ ತನ್ನ ಒಗ್ಗರಣೆಯನ್ನೂ ಹಾಕುತ್ತಿದ್ದಳು. "ಬದುಕಿದ್ದಾಗ ಏನೂ ಆಡ್ನಿಲ್ಲ ಕಣ್ರಿ. ಸತ್ತ ಮ್ಯಾಕೆ ಸುರು ಮಾಡ್ಕಂಡ್ಳು. ಬಾಗ್ಲು ಸಾರಿಸ್ತಾ ಬೈತಾಳೆ, ಮುದ್ದೆ ತೊಳಸ್ತಾ ಬೈತಾಳೆ. ಶಿವನ ಪಾದದಲ್ಲೂ ಅಂವ ಕಿವಿ ಮುಚ್ಕಂಡೇ ಕುಂತಿರ್ಬೇಕು."

ಸುಳ್ಳೇನಲ್ಲ. ಬೈಗುಳಕ್ಕೆ ಕಾರಣವೂ ಇತ್ತು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿಗೆ ಎರಡು ಹರದಾರಿ ನಡೆದರೆ ಸಿಗುವ ಮೂವತ್ತು ಮನೆಯ ಊರು ಕೋಡಿದೊಡ್ಡಿ. ಊರ ಕೊನೆಯ ಮನೆ ಚಿಕ್ಕಬಸಮ್ಮನದು. ಅವಳ ಜಗಲಿ ಮುಗಿದಲ್ಲಿ ಬೆಟ್ಟದ ಕಾಲುದಾರಿ ಶುರು. ಆ ದಾರಿ ಬಿದಿರು ಮೆಳೆಗಳ ನಡುವೆ ಹತ್ತಿಕೊಂಡು, ಕಲ್ಲಿನ ಏರು ದಾಟಿ, ಬೆಟ್ಟದ ತೊಡೆಯ ಮೇಲೆ ಕೂತಂತಿರುವ ಜೊಂಡುಕೆರೆಯನ್ನು ಮುಟ್ಟುತ್ತದೆ. ಕೆರೆಯ ಮೇಲ್ದಂಡೆ ಹಿಡಿದು ನಡೆದು ಆಚೆ ಇಳಿದರೆ ಕೊಳ್ಳೇಗಾಲದ ಸೀಮೆ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಸರ್ಕಾರ ಎರಡು, ಕಾಲುದಾರಿ ಒಂದು.

ಸ್ವಾತಿ ಮಳೆ ಹಿಂದಕ್ಕೆ ಸರಿದು, ಹೊಲದಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟು, ಬೆಳಗಿನ ಮಂಜು ಬೆಟ್ಟದ ಸೊಂಟಕ್ಕೆ ಸುತ್ತಿಕೊಳ್ಳುವ ಹೊತ್ತಿಗೆ ಆ ದಾರಿಗೆ ಜೀವ ಬರುತ್ತಿತ್ತು. ನೆಲ್ಲಿಕಾಯಿಗೆ ಹೋಗುವವರು, ರಂಗನಾಥನಿಗೆ ಹರಕೆ ಹೊತ್ತವರು, ಆಚೆಯ ನಂಟರ ಮನೆಗೆ ನಡೆದೇ ಹೋಗುವ ಮುಳ್ಳೂರಿನವರು, ಸುಮ್ಮನೆ ಕೆರೆ ನೋಡಿಕೊಂಡು ಬರುವ ಹರೆಯದವರು, ಎಲ್ಲರೂ ಅವಳ ಜಗಲಿ ಮುಂದೆಯೇ ಹಾದು ಹೋಗಬೇಕು.

ಅವಳ ಗಂಡ ಪುಟ್ಟಮಲ್ಲಪ್ಪ ಅಂಥದೇ ಒಂದು ಬೆಳಗ್ಗೆ, ತಪ್ಪಿಸಿಕೊಂಡ ಎಮ್ಮೆ ಹುಡುಕಲು ಬೆಟ್ಟ ಹತ್ತಿದ. ಎತ್ತ ಹೋಗುತ್ತೇನೆಂದು ಹೇಳಲಿಲ್ಲ. ಹಿಂದೊಮ್ಮೆ ಹೀಗೇ ಹೋದಾಗ ಅವಳು ಕೇಳಿದ್ದಕ್ಕೆ, "ಹಿತ್ಲಿಗೆ ಓಗಾಕೂ ಡಂಗುರ ಹೊಡಿಸ್ಬೇಕೇನಮ್ಮಿ?" ಅಂದು ನಕ್ಕಿದ್ದ. ಸಂಜೆಯಾದರೂ ಬರಲಿಲ್ಲ. ಯಳಂದೂರಿನ ಸಂತೆಗೆ ಹೋಗಿರಬೇಕು ಎಂದರು, ಮುಳ್ಳೂರಿನ ಅಕ್ಕನ ಮನೆಗೆ ಹೋಗಿರಬೇಕು ಎಂದರು. ಎರಡು ದಿನ ಊರವರು ಬಯಲು ಸೀಮೆಯನ್ನೆಲ್ಲ ಹುಡುಕಿದರು. ನಾಲ್ಕನೆಯ ದಿನ ಜೇನಿಗೆ ಹೋಗಿದ್ದ ಸೋಲಿಗರು ಬಂಡೆಯ ಸಂದಿಯಲ್ಲಿ ಹೆಣ ಕಂಡರು. ಹೊತ್ತು ತಂದವರಲ್ಲಿ ಒಬ್ಬ ಮುದುಕ ಮುಚ್ಚುಮರೆ ಮಾಡದೆ ಹೇಳಿಬಿಟ್ಟ: ಕೈಗೆ ಎಟುಕುವಷ್ಟು ದೂರದ ಹುಲ್ಲನ್ನೆಲ್ಲ ಕಿತ್ತಿದ್ದಾನೆ, ಎರಡು ದಿನವಾದರೂ ಜೀವ ಇತ್ತು.

ಚಿಕ್ಕಬಸಮ್ಮ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಒಂದು ಮಾತು ಹೇಳಿ ಹೋಗಿದ್ದರೆ ಬದುಕುತ್ತಿದ್ದ ಮನುಷ್ಯ ಅವನು. ಆ ಸಿಟ್ಟು ಹೊಟ್ಟೆಯೊಳಗೆ ಕೂತಿದ್ದು ಮತ್ತೆ ಏಳಲೇ ಇಲ್ಲ.

ಹನ್ನೊಂದನೆಯ ದಿನ ಕಳೆದ ಮೇಲೆ ಅವಳು ಜಗಲಿ ಎದುರಿಗೆ ದಾರಿಯ ಬಾಯಲ್ಲಿ ಒಂದು ಚಪ್ಪಟೆ ಕಲ್ಲು ಹಾಕಿದಳು. ಬೆಟ್ಟಕ್ಕೆ ಹೋಗುವವರು ತಲೆಗೊಂದರಂತೆ ಸೊಪ್ಪು ಮುರಿದು ಆ ಕಲ್ಲಿನ ಮೇಲಿಟ್ಟು, ಹಾರಿಹೋಗದಂತೆ ಒಂದು ಹರಳು ಹೇರಿ ಹೋಗಬೇಕು. ಬರುವಾಗ ತಮ್ಮ ಸೊಪ್ಪು ತಾವು ತೆಗೆಯಬೇಕು. ಆಚೆ ಇಳಿದು ಹೋಗುವವರಾದರೆ ಸೊಪ್ಪಿಗೆ ಗಂಟು ಹಾಕಬೇಕು. ಹೊತ್ತು ಮುಳುಗುವ ಮುಂಚೆ ಅವಳು ಬಂದು ನೋಡುತ್ತಾಳೆ. ಗಂಟಿಲ್ಲದ ಸೊಪ್ಪು ಉಳಿದಿದ್ದರೆ ಬೆಟ್ಟದಲ್ಲಿ ಒಬ್ಬ ಉಳಿದಿದ್ದಾನೆ. ಆಗ ಊರೆಲ್ಲ ಎದ್ದು ಹೊರಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಉಳಿದುಕೊಂಡವರು ಏಳು ಜನ. ಏಳು ಜನವೂ ಜೀವಸಹಿತ ಇಳಿದು ಬಂದು ಅವಳಿಂದ ಉಗಿಸಿಕೊಂಡರು.

ಆದರೆ ಜನ ಸುಮ್ಮನಿರುತ್ತಾರೆಯೇ? ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಯಾರೋ ಕಲ್ಲಿಗೆ ಅರಿಸಿನ ಕುಂಕುಮ ಇಟ್ಟರು, ಸೊಪ್ಪಿನಮ್ಮ ಎಂದು ಹೆಸರಿಟ್ಟರು. ಕೆಲವರು ಇಳಿದು ಬಂದ ಮೇಲೂ ಸೊಪ್ಪು ತೆಗೆಯುತ್ತಿರಲಿಲ್ಲ, ದೇವರಿಗೆ ಕೊಟ್ಟದ್ದನ್ನು ವಾಪಸು ತೆಗೆಯಬಾರದಂತೆ. ಚಿಕ್ಕಬಸಮ್ಮ ಸಗಣಿ ನೀರಿನಲ್ಲಿ ಕುಂಕುಮ ತೊಳೆದು, ಮನೆಮನೆಗೆ ಹೋಗಿ ಬೈದು ಬಂದಳು. "ಅದು ದೇವ್ರಲ್ಲ ಕಣ್ರಪ್ಪಾ, ಎಣಿಕೆ. ದೇವ್ರಿಗೆ ನಿಮ್ಮನ್ನ ಎಣ್ಸೋ ಪುರಸೊತ್ತಿದ್ರೆ ನಾನ್ಯಾಕೆ ಬಿಸ್ಲಲ್ಲಿ ನಿಲ್ತಿದ್ದೆ?" ಅವಳು ತೊಳೆದಷ್ಟು ಸಲ ಯಾರೋ ಮತ್ತೆ ಇಡುತ್ತಿದ್ದರು.

ಸ್ವರಾಜ್ಯ ಬಂದು ಆರು ವರ್ಷವಾಗಿತ್ತು. ದೀಪಾವಳಿಗೆ ಇನ್ನು ಎಂಟು ದಿನ. ಊರ ಪಟೇಲ ವೃಷಭೇಂದ್ರಪ್ಪ ನಾಲ್ಕು ಜನರನ್ನು ಹಿಂದೆ ಹಾಕಿಕೊಂಡು ಅವಳ ಜಗಲಿಗೆ ಬಂದ. ಪುಟ್ಟಮಲ್ಲಪ್ಪನ ಚಿಕ್ಕಪ್ಪನ ಮಗ ಅವನು, ಅವಳಿಗೆ ಮೈದುನ. ಅವನು ಮೂರು ವರ್ಷದವನಿದ್ದಾಗ ಅವಳು ಆ ಮನೆಗೆ ಸೊಸೆಯಾಗಿ ಬಂದಿದ್ದಳು.

"ಅತ್ಗೆ, ಕೊಳ್ಳೇಗಾಲದಿಂದ ಸೈಕಲ್ ಸಂಘದೋರು ಬತ್ತಾವ್ರೆ. ಹನ್ನೊಂದು ಜನ. ಕೆರೆಗಂಟ ಸೈಕಲ್ ತುಳ್ಕಂಡೋಗಿ, ಅಲ್ಲೇ ಬುತ್ತಿ ಉಂಡು, ಇತ್ಲಾಗೇ ಇಳ್ದು ಬತ್ತಾರಂತೆ."

"ಯಾಕಂತೆ? ಬೆಟ್ಟ ಅವ್ರಿಗೇನು ಮಾಡ್ತಂತೆ?"

"ಒಳ್ಳೆ ಗಾಳಿ ಕುಡ್ಯಕ್ಕೆ."

"ಕೊಳ್ಳೇಗಾಲದಲ್ಲಿ ಗಾಳಿ ಮುಗ್ದೋಯ್ತಾ?"

ಹಿಂದಿದ್ದವರು ನಕ್ಕರು. ಪಟೇಲ ನಗಲಿಲ್ಲ. "ಮೇಲ್ದಂಡೇಲಿ ಬರೀ ಕಲ್ಲು, ಸೈಕಲ್ ಓಡಕಿಲ್ಲ. ಏರಿನ ಪಕ್ಕ ಬಳಸ್ಕಂಡು, ಕೆರೆ ತಗ್ಗಿನ ದಂಡೇಲಿ ಹೊಸ ದಾರಿ ಸವರಿಸಿವ್ನಿ. ಚಾಪೆ ಹಾಸ್ದಂಗದೆ. ನಾಳೆ ದಿನ ಊರಿಗೇ ಹೆಸ್ರು ಬತ್ತದೆ."

ಅವಳು ಮೊರ ಕೆಳಗಿಟ್ಟಳು. "ತಗ್ಗಿನ ದಂಡೆ ನೆಲ ಅಲ್ಲ ಕಣ್ಲಾ ವೃಷಭೇಂದ್ರ. ಮ್ಯಾಲೆ ಹುಲ್ಲು, ಕೆಳಗೆ ಅಂಬಲಿ. ಶಿವರಾತ್ರಿ ಬಿಸ್ಲು ಬೀಳೋಗಂಟ ಗಟ್ಟಿ ಆಗಕಿಲ್ಲ. ಆನೆ ಕೂಡ ಅಲ್ಲಿ ಕಾಲಿಕ್ಕೋ ಮುಂಚೆ ಸೊಂಡಿಲಲ್ಲಿ ಬಡ್ದು ನೋಡ್ತದೆ."

"ಆನೆ ತೂಕ ಎಷ್ಟು, ಸೈಕಲ್ ತೂಕ ಎಷ್ಟು ಅತ್ಗೆ?"

"ನಿನ್ನ ತಲೆ ತೂಕ ಎಷ್ಟು ಅಂತ ನಂಗೊತ್ತು. ಎತ್ತಿ ಆಡ್ಸಿವ್ನಿ. ಆಗ್ಲೂ ಇಷ್ಟೇ ಇತ್ತು."

ಈ ಸಲ ನಗು ಜೋರಾಗಿಯೇ ಬಂತು. ಪಟೇಲನ ಕಿವಿ ಕೆಂಪಗಾಯಿತು. ನಾಲ್ಕು ಜನರ ಎದುರಿಗೆ ಆಡಿಸಿದ ಕೈಯೇ ಕೆನ್ನೆಗೆ ಹೊಡೆದಂತಾಗಿತ್ತು ಅವನಿಗೆ. "ಬೆಟ್ಟವೂ ನಿಮ್ಮಪ್ಪನ ಮನೇದಲ್ಲ, ದಾರಿಯೂ ಅಲ್ಲ. ಕೇಳ್ಬೇಕು ಅಂತ ಬರ್ನಿಲ್ಲ, ಹೇಳೋಗಾನ ಅಂತ ಬಂದೆ."

"ಅಂಗಾದ್ರೆ ನಿಮ್ಮ ದಾರಿ ನೀವೇ ಎಣಿಸ್ಕಳಿ," ಅಂದಳು ಚಿಕ್ಕಬಸಮ್ಮ.

ಆ ಮಾತನ್ನು ಅವಳು ಸಿಟ್ಟಿನಲ್ಲಿ ಆಡಿದಳು, ಸಿಟ್ಟಿನಲ್ಲೇ ನಡೆಸಿದಳು. ಸೈಕಲ್ಲಿನವರು ಬಂದ ಬೆಳಗ್ಗೆ ಬಾಗಿಲಿಗೆ ಅಗಳಿ ಹಾಕಿಕೊಂಡು ಒಲೆಯ ಮುಂದೆ ಕೂತಳು. ಹೊರಗೆ ಗಂಟೆಗಳು ಕಿಣಿಕಿಣಿ ಅಂದವು. ಊರ ಮಕ್ಕಳು ಹೋ ಎಂದರು. ಪಟೇಲ ಅತ್ತಿಮರದಿಂದ ಒಂದು ತೋಳುದ್ದದ ಕೊಂಬೆ ಮುರಿಸಿ ತಂದು, ಕಲ್ಲಿನ ಮೇಲಿಟ್ಟು ಕೈಮುಗಿದ; ಕೊಂಬೆ ಮುರಿದ ಸದ್ದು ಒಳಕ್ಕೂ ಕೇಳಿಸಿತು. ಇಷ್ಟಾದ ಮೇಲೆ ಯಾರೋ ಅವಳ ಬಾಗಿಲ ಹತ್ತಿರ ಬಂದು ನಿಂತರು. ಮೆತ್ತಗಿನ ದನಿ.

"ಅವ್ವಾರೇ, ತಲೆಗೊಂದು ಸೊಪ್ಪು ಇಡ್ಬೇಕಂತಲ್ಲ. ದೊಡ್ಡೋರು ಇಟ್ಟವ್ರೆ. ಅದ್ರ ಪಕ್ಕ ನಾವೂ ಇಡಬೌದಾ?"

ಇಡು ಎಂದು ಒಂದು ಮಾತು ಒಳಗಿನಿಂದ ಕೂಗಿದ್ದರೆ ಸಾಕಿತ್ತು. ಅವಳ ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಪಟೇಲನ ಗಂಟಲು ಕೇಳಿಸಿತು. "ಎಲ್ಲಾರ ಪರವಾಗಿ ನಾನು ಮಡಗಿವ್ನಿ, ನಡೀರಿ ಸಾ." ಆ ದನಿಗೇ ಅವಳ ರಕ್ತ ಕುದಿಯಿತು. ಒಂದು ದಿನ ನಾನು ಎಣಿಸದಿದ್ದರೆ ಇವರಿಗೆ ಗೊತ್ತಾಗಲಿ ಎಂದುಕೊಂಡು ಒಲೆಗೆ ಇನ್ನೊಂದು ಕೊಳ್ಳಿ ನೂಕಿದಳು.

ಮಧ್ಯಾಹ್ನ ಇಳಿಹೊತ್ತಿಗೆ ಗಂಟೆಗಳು ಮತ್ತೆ ಕೇಳಿಸಿದವು, ನಗು ಕೇಳಿಸಿತು. ಪಟೇಲ ತನ್ನ ಕೊಂಬೆ ಎತ್ತಿ ಬಿಸಾಡಿದ. ಚಿಕ್ಕಬಸಮ್ಮ ಹೊರಗೆ ಬಂದಾಗ ಕಲ್ಲು ಬರಿದಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಬರಿದಾದ ಕಲ್ಲು ನೋಡಿ ಅವಳಿಗೆ ಏನೂ ತಿಳಿಯಲಿಲ್ಲ.

ಮಾರನೆಯ ದಿನ ಬೆಳಗ್ಗೆ, ಬಿಸಿಲು ಜಗಲಿ ಹತ್ತುವ ಹೊತ್ತಿಗೆ, ಊರೊಳಗಿಂದ ಒಬ್ಬ ಹೆಂಗಸು ಓಡುನಡಿಗೆಯಲ್ಲಿ ಬಂದಳು. ಸೀರೆಯ ಅಂಚಿಗೆಲ್ಲ ಇಬ್ಬನಿ, ಹುಲ್ಲಿನ ಬೀಜ. ಕೊಳ್ಳೇಗಾಲದ ರೇಷ್ಮೆ ನೇಯುವವರ ಮನೆಯವಳು, ಭಾಗ್ಯಮ್ಮ ಎಂದು ಹೆಸರು. ಗಂಡ ರಾಮಲಿಂಗಯ್ಯ ಸೈಕಲ್ಲಿನವರ ಜೊತೆ ಬಂದಿದ್ದವನು ಮನೆಗೆ ಬಂದಿಲ್ಲ. ಯಳಂದೂರಿನ ಅಕ್ಕನ ಮನೆಯಲ್ಲಿ ಉಳಿದಿರಬೇಕೆಂದು ಮೊದಲ ಬಸ್ಸಿಗೆ ಅಲ್ಲಿಗೆ ಹೋಗಿ ನೋಡಿದ್ದಳು. ಅಲ್ಲೂ ಇಲ್ಲ. ರಾತ್ರಿ ಸಂಘದವರನ್ನು ಕೇಳಿದ್ದಕ್ಕೆ, ಹಿಂದೆ ಬಿದ್ದಿದ್ದ, ಆಚೆ ಇಳಿದು ನೆಟ್ಟಗೆ ಕೊಳ್ಳೇಗಾಲಕ್ಕೇ ಹೋಗಿರುತ್ತಾನೆ ಅಂದುಕೊಂಡೆವು ಎಂದಿದ್ದರು.

"ನೀವು ಎಣಿಸ್ತೀರಂತಲ್ಲ ಅವ್ವಾ," ಅಂದಳು ಭಾಗ್ಯಮ್ಮ. "ಒಂದು ತಲೆ ತಪ್ಪಿದ್ರೂ ಬಿಡಕಿಲ್ವಂತೆ. ಅದ್ಕೇ ಧೈರ್ಯವಾಗಿ ಕಳಿಸ್ದೆ ನಾನು. ನಿನ್ನೆ ನೀವು ನೋಡ್ನಿಲ್ವಾ?"

ಚಿಕ್ಕಬಸಮ್ಮ ಎದ್ದಳು. ಒಳಗೆ ಹೋಗಿ ಮಚ್ಚು ತಂದಳು, ನೀರಿನ ಸೋರೆಬುರುಡೆ ತಂದಳು, ದಾರಿಯಲ್ಲಿ ನಿಂತು ಊರಿನ ಕಡೆಗೆ ಒಂದು ಕೂಗು ಹಾಕಿದಳು. ಆ ಕೂಗು ಊರಿಗೆ ಗೊತ್ತಿತ್ತು. ಏಳೆಂಟು ಗಂಡಸರು ಬಂದರು. ಪಟೇಲನೂ ಪಂಚೆ ಎತ್ತಿ ಕಟ್ಟುತ್ತಲೇ ಬಂದ. ಅವಳು ಅವನ ಮುಖ ನೋಡಲಿಲ್ಲ. "ನಡಿ" ಅಂದಳು, ಅಷ್ಟೇ.

ಹೊಸ ದಾರಿಯಲ್ಲಿ ಹಿಂದಿನ ದಿನದ ಚಕ್ರದ ಗೆರೆಗಳು ಹಾವಿನ ಹಾಗೆ ಬಿದ್ದಿದ್ದವು. ಐವತ್ತೈದು ದಾಟಿದ ಹೆಂಗಸು ಎಲ್ಲರಿಗಿಂತ ಮುಂದೆ ಬಗ್ಗಿಕೊಂಡು ಆ ಗೆರೆ ನೋಡುತ್ತಾ ಹತ್ತಿದಳು. ತಗ್ಗಿನ ದಂಡೆಯ ಮೇಲೆ ಒಂದು ಕಡೆ ಒಂದೇ ಒಂದು ಗೆರೆ ಉಳಿದವನ್ನು ಬಿಟ್ಟು ನೀರಿನ ಕಡೆಗೆ ವಾಲಿತ್ತು. ಮುಂದೆ ಹುಲ್ಲು ಸೀಳಿತ್ತು. ಅದರ ತುದಿಯಲ್ಲಿ ಸೈಕಲ್ಲಿನ ಹಿಡಿ, ಅದರಾಚೆ ಜೊಂಡಿನ ನಡುವೆ ಎದೆಮಟ್ಟ ಕೆಸರಿನಲ್ಲಿ ರಾಮಲಿಂಗಯ್ಯ. ಜೊಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಮುಖ ಬೂದಿಯ ಬಣ್ಣ. ಕಣ್ಣು ತೆರೆದಿತ್ತು.

ಬಿದಿರು ಕಡಿದು ಕೆಸರಿನ ಮೇಲೆ ಅಡ್ಡ ಹಾಸಿದರು. ಚಿಕ್ಕಬಸಮ್ಮನೇ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅವನ ತೋಳಿಗೆ ಹಗ್ಗ ಸುತ್ತಿದಳು. ಎಳೆದಾಗ ಅವನು ಕೂಗಿದ ಕೂಗಿಗೆ ಕೆರೆಯ ಹಕ್ಕಿಗಳೆಲ್ಲ ಎದ್ದವು. ಬಲಗಾಲು ಮೊಣಕಾಲಿನ ಕೆಳಗೆ ಮುರಿದು, ಸೈಕಲ್ಲಿನ ಕಬ್ಬಿಣದೊಳಗೆ ಸಿಕ್ಕಿಕೊಂಡಿತ್ತು.

ನೀರು ಕುಡಿದ ಮೇಲೆ ಅವನು ನಿಧಾನವಾಗಿ ಮಾತಾಡಿದ. ಕೂಗಿದನಂತೆ, ಮುಂದೆ ಹೋದವರು ಹಾಡು ಹೇಳುತ್ತಿದ್ದರಂತೆ. ಸಂಜೆ ಆಚೆ ದಡದಲ್ಲಿ ಆನೆಗಳು ನೀರಿಗೆ ಇಳಿದಾಗ, ಅಲುಗಾಡಿ ಸದ್ದಾದೀತೆಂದು ಸೈಕಲ್ಲಿನ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದನಂತೆ.

"ಸೊಪ್ಪು ಇಟ್ಯೇನ್ಲಾ?" ಅಂದಳು ಚಿಕ್ಕಬಸಮ್ಮ. ಬೈಯುವುದಕ್ಕೇ ಕೇಳಿದ್ದಳು.

"ಪಟೇಲ್ರು ಮಡಗಿದ್ರು ಅವ್ವಾರೇ. ದೊಡ್ಡೋರು ದೇವ್ರಿಗೆ ಕೊಟ್ಟ ಮ್ಯಾಕೆ ಅದ್ರ ಪಕ್ಕ ನಮ್ದೂ ಇಡಾದು ಮರ್ಯಾದೆ ಅಲ್ಲ ಅಂತ ಯಾರೂ ಇಡ್ನಿಲ್ಲ. ನಂಗೆ ಮನಸ್ಸು ತಡೀನಿಲ್ಲ. ನಿಮ್ಮ ಬಾಗ್ಲಿಗೆ ಬಂದು ಕೇಳ್ದೆ. ಮನೇಲಿ ಯಾರೂ ಇರ್ನಿಲ್ಲ."

ಅದೇ ಮೆತ್ತಗಿನ ದನಿ. ಚಿಕ್ಕಬಸಮ್ಮ ತಲೆ ಎತ್ತಲಿಲ್ಲ. ಪಟೇಲ ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ. ಅವಳು ಆ ಹೊತ್ತು ಮನೆಯಲ್ಲೇ ಇದ್ದಳೆಂದು ಅವನಿಗೆ ಗೊತ್ತಿತ್ತು, ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಗೊತ್ತಿದ್ದೂ ಅವನು ಆಡಲಿಲ್ಲ. ಆಡಿದ್ದರೆ ಅವಳಿಗೆ ಎಷ್ಟೋ ಮೇಲಿತ್ತು.

ಬಿದಿರಿನ ಡೋಲಿ ಕಟ್ಟಿ ಅವನನ್ನು ಇಳಿಸಿದರು. ದಾರಿಯುದ್ದಕ್ಕೂ ಅವಳು ಬೈಯುತ್ತಲೇ ಬಂದಳು. ಸೈಕಲ್ಲನ್ನು, ಸಂಘವನ್ನು, ಪಟೇಲನ ಕೊಂಬೆಯನ್ನು, ಹಾಡು ಹೇಳಿದವರನ್ನು ಬೈದಳು. ಸತ್ತ ಗಂಡನ ಹೆಸರು ಮಾತ್ರ ಆವತ್ತು ಬಾಯಿಗೆ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೊಳ್ಳೇಗಾಲಕ್ಕೆ ಹೋಗಿ ಬಂದಳು. ಒಂದು ಕುಡಿಕೆ ಜೇನು, ಒಂದಿಷ್ಟು ಅವರೆಕಾಯಿ ಕಟ್ಟಿಕೊಂಡು ಹೋಗಿದ್ದಳು. ರಾಮಲಿಂಗಯ್ಯನ ಕಾಲು ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯಬೇಕಾದವನು ಗೋಡೆಗೆ ಒರಗಿ, ಹೆಂಗಸರು ಮಾಡುವ ಕೆಲಸ, ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದ. ಕುಳಿಯಲ್ಲಿ ಭಾಗ್ಯಮ್ಮ ಕೂತಿದ್ದಳು. ಲಾಳಿ ಇನ್ನೂ ಅವಳ ಕೈಗೆ ಹೊಂದಿರಲಿಲ್ಲ. ನಾಲ್ಕು ಎಳೆಗೊಂದು ಸಲ ನಿಲ್ಲುತ್ತಿತ್ತು.

"ನೀವು ಬರ್ದೆ ಇದ್ರೆ ನಾನು ಇರ್ತಿರ್ನಿಲ್ಲ ಅವ್ವಾರೇ," ಅಂದ ರಾಮಲಿಂಗಯ್ಯ.

"ನಾನಿದ್ದೆ ಕಣಪ್ಪಾ," ಅಂದಳು ಚಿಕ್ಕಬಸಮ್ಮ. "ಅವತ್ತು ಒಳಗೇ ಇದ್ದೆ. ನೀನು ಕೇಳಿದ್ದು ಕೇಳಿಸ್ತು. ಸೊಕ್ಕು, ಮಾತಾಡ್ನಿಲ್ಲ."

ಮಗ್ಗದ ಸದ್ದು ನಿಂತಿತು. ಭಾಗ್ಯಮ್ಮ ಕುಳಿಯಿಂದಲೇ ಅವಳನ್ನು ನೋಡಿದಳು. "ಜೇನು ಅಲ್ಲೇ ಮಡಗಿ ಓಗಿ" ಅಂದು ಮತ್ತೆ ಹಲಗೆ ತುಳಿದಳು. ರಾಮಲಿಂಗಯ್ಯ ಮಾತ್ರ ತಲೆ ಬಗ್ಗಿಸಿ, "ಆಯ್ತು ಬಿಡಿ, ಬೇಜಾರು ಮಾಡ್ಕಬೇಡಿ" ಅಂದ. ಆ ಒಳ್ಳೆಯ ಮಾತನ್ನು ಅವಳಿಂದ ತಡೆಯಲಾಗಲಿಲ್ಲ. ಅವನೂ ಸಿಟ್ಟು ಮಾಡಿ ಹೊರಗೆ ನೂಕಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಸೈಕಲ್ಲಿನವರು ಬೆಟ್ಟದ ಆಸೆ ಬಿಡುತ್ತಾರೆ ಎಂದುಕೊಂಡರೆ, ಬಿಡಲಿಲ್ಲ. ಈ ಸಲ ಮಳೆ ನಿಂತ ಕೂಡಲೇ ಹನ್ನೊಂದು ಇದ್ದವರು ಮೂವತ್ತಾಗಿ ಬರುತ್ತೇವೆಂದು ಯುಗಾದಿ ಹೊತ್ತಿಗೇ ಕಾಗದ ಹಾಕಿದರು. ಪಟೇಲ ಕೆಸರಿನ ಜಾಗಕ್ಕೆ ಬಿದಿರು, ಕಲ್ಲು ಹಾಕಿಸಿದ. ದಾರಿಯ ಬಾಯನ್ನೂ ಊರಿನ ಇನ್ನೊಂದು ತುದಿಗೆ, ಬಂಡಿದಾರಿಯ ಪಕ್ಕಕ್ಕೆ ಹೊರಳಿಸಿದ. ಅತ್ತ ಏರು ಕಡಿಮೆ. ನಡೆಯುವವರೂ ಅತ್ತಲೇ ತಿರುಗಿದರು. ಆ ವರ್ಷ ನವರಾತ್ರಿ ಹೊತ್ತಿಗೆ ಚಿಕ್ಕಬಸಮ್ಮನ ಜಗಲಿ ಮುಂದೆ ಹಾದು ಹೋಗುತ್ತಿದ್ದದ್ದು ಪುಟ್ಟಮಾದಮ್ಮನ ಆಡು ಮಾತ್ರ. ಸಂಜೆ ಹೊತ್ತು ಚಿಕ್ಕಬಸಮ್ಮ ಹೊರಗೆ ನಿಂತು ಬೆಟ್ಟ ನೋಡುತ್ತಿದ್ದಳು. ಎಷ್ಟು ಜನ ಹತ್ತಿದ್ದಾರೆ, ಎಷ್ಟು ಜನ ಇಳಿದಿದ್ದಾರೆ, ಒಂದೂ ತಿಳಿಯದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಪಟೇಲ ಒಂದು ದಿನ ಬಂದ. ಜಗಲಿ ಹತ್ತದೆ ಕೆಳಗೇ ನಿಂತ. "ಅತ್ಗೆ, ಬೇಕಾರೆ ಆ ಕಲ್ಲನ್ನ ಹೊಸ ದಾರಿ ಬಾಯ್ಗೆ ಹೊರಿಸ್ಕಂಡೋಗಿ ಸಣ್ಣದಾಗಿ ಗುಡಿ ಕಟ್ಟಿಸ್ತೀನಿ."

"ಗುಡಿ ಕಟ್ಸಿದ್ರೆ ಒಡೀತೀನಿ. ಗುಡಿ ಮಾಡಿಯೇ ಅಲ್ವಾ ಅವ್ನ ಕಾಲು ಮುರ್ಸಿದ್ದು? ನೀನು ಕೈಮುಗ್ದೆ, ನಾನು ಬಾಗ್ಲಾಕ್ಕಂಡೆ. ಇಬ್ರೂ ಸೇರಿ ಮುರುದ್ವಿ."

"ಮತ್ತೆ ಏನ್ ಮಾಡ್ಬೇಕು ಅಂತೀರಿ?"

"ಕೆರೆ ಹತ್ರ ಹಳೆ ದಾರಿ, ಹೊಸ ದಾರಿ ಎರಡೂ ಸೇರ್ತಾವಲ್ಲ, ಅಲ್ಲಿಗೆ ಓಯ್ತೀನಿ. ಯಾವ ಕಡೆಯಿಂದ ಬಂದ್ರೂ ಅಲ್ಲಿ ನನ್ನ ದಾಟ್ಕಂಡೇ ಓಗ್ಬೇಕು. ಸೋಲಿಗರು ಗುಡ್ಲು ಹಾಕ್ಕೊಡ್ತೀವಿ ಅಂದವ್ರೆ."

"ಕಾಡ್ನಲ್ಲಿ ಒಬ್ರೇ ಎಂಗಿರ್ತೀರಿ ಅತ್ಗೆ? ಊರೋರು ನನ್ನ ಮುಖಕ್ಕೆ ಉಗೀತಾರೆ."

"ಉಗೀಲಿ. ನಾನೂ ಉಗ್ದಿವ್ನಿ, ಸತ್ತೋದ್ಯಾ?"

ದೀಪಾವಳಿಗೆ ಮುಂಚಿನ ಸೋಮವಾರ ಅವಳು ಹೊರಟಳು. ಎರಡು ಮಡಕೆ, ಕಂಬಳಿ, ಮಚ್ಚು, ಒಂದು ಮೂಟೆ ರಾಗಿ. ಹಣೆಗೆ ವಿಭೂತಿ ಧರಿಸಿ, ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದಾಗ ಪಟೇಲ ಕೆಳಗೆ ನಿಂತಿದ್ದ. ಆಳನ್ನು ಕರೆಯದೆ ರಾಗಿಯ ಮೂಟೆಯನ್ನು ತಾನೇ ಹೆಗಲಿಗೆ ಹಾಕಿಕೊಂಡ.

"ಹಬ್ಬಕ್ಕಾದ್ರೂ ಬತ್ತೀಯೇನಮ್ಮಿ?" ಅಂದಳು ಪುಟ್ಟಮಾದಮ್ಮ ಎದುರು ಜಗಲಿಯಿಂದ.

"ಹಬ್ಬದ ದಿನ್ವೇ ಕಣೇ ಜನ ಬೆಟ್ಟಕ್ಕೆ ಬರಾದು," ಅಂದಳು ಚಿಕ್ಕಬಸಮ್ಮ. "ಮನೇಲಿ ಆಡು ಕಟ್ಕ. ಸೂರು ಸೋರ್ತದೆ, ಹಿಂದ್ಲು ಮೂಲೆಗೆ ಕಟ್ಬೇಡ."

ಮಡಕೆಗಳನ್ನು ಒಂದರ ಮೇಲೊಂದು ತಲೆಗೇರಿಸಿಕೊಂಡು ಜಗಲಿ ಇಳಿದಳು. ಪಟೇಲ ಮೂಟೆಯ ಭಾರಕ್ಕೆ ಆಗಲೇ ಏದುಸಿರು ಬಿಡುತ್ತಿದ್ದ. "ಏನ್ಲಾ ನಿಂತ್ಕಂಡೆ? ತಗ್ಗಿನ ದಂಡೇಲಿ ನೀನೇ ಮುಂದೆ ನಡೀಬೇಕು, ಗಟ್ಟಿ ಮಾಡ್ಸಿವ್ನಿ ಅಂದ್ಯಲ್ಲ, ನೋಡಾನ," ಎಂದು ಬೈಯುತ್ತಾ, ಊರ ನಡುವಿನಿಂದಲೇ, ಹೊಸ ದಾರಿಯ ಬಾಯಿ ಇದ್ದ ತುದಿಯ ಕಡೆಗೆ ನಡೆದಳು.